ಹದಿನೇಳನೆಯ ಷರತ್ತು

ನವೆಂಬರಿನ ಮೊದಲ ಮಳೆಗೆ ಡೆಲ್ಫಿಯಾ ಅತ್ತೆಯ ಆಲೂಗೆಡ್ಡೆ ಮಡಿ ಹಳ್ಳದ ಪಾಲಾಯಿತು. ಎರಡನೆಯ ಮಳೆಗೆ ಕೋಳಿಗೂಡು ಹೋಯಿತು. ಮೂರನೆಯದು ನಿಂತಾಗ ನಾನು ಹೋಗಿ ಹೆಜ್ಜೆ ಹಾಕಿ ಅಳೆದೆ. ಅಡುಗೆಮನೆಯ ಗೋಡೆಗೂ ಟರ್ಕಿಪೆನ್ ಹಳ್ಳದ ದಡಕ್ಕೂ ನಡುವೆ ಹನ್ನೊಂದು ಅಡಿ ನೆಲ ಉಳಿದಿತ್ತು.

ಆ ಗೋಡೆಯ ಒಳಮಗ್ಗುಲಿಗೆ ಬರ್ಲ್ ಮಾವನ ಮಂಚ. ಅತ್ತೆಯ ಗಂಡ. ಅವರಿಬ್ಬರೂ ನನಗೆ ರಕ್ತಸಂಬಂಧಿಗಳಲ್ಲ. ನಮ್ಮ ಕಣಿವೆಯಲ್ಲಿ ಹಿರಿಯರನ್ನು ಕರೆಯುವುದೇ ಹಾಗೆ. ಬರ್ಲ್ ಮಾವ ಮೂವತ್ತೊಂದು ವರ್ಷ ಗುಡ್ಡದ ಹೊಟ್ಟೆಯೊಳಗೆ ಕಲ್ಲಿದ್ದಲು ಅಗೆದವನು. ಆ ದೂಳು ಅವನ ಎದೆಯಲ್ಲಿ ಕೂತು ಕಲ್ಲಾಗಿತ್ತು. ಮೂಗಿಗೆ ಕೊಳವೆ, ಮಂಚದ ಪಕ್ಕ ದಿನವಿಡೀ ಗೊರಗುಟ್ಟುವ ಆಕ್ಸಿಜನ್ ಯಂತ್ರ. ಕಿಟಕಿಯಿಂದ ದಡ ಕುಸಿಯುವುದನ್ನು ನೋಡುತ್ತ ಮಲಗಿರುತ್ತಿದ್ದ.

"ಡೆಲ್ಫೀ, ಇವತ್ತು ಇನ್ನೊಂದು ಗೇಣು ತಿಂತು ಕಣೆ."

"ತಿನ್ಲಿ ಬಿಡು. ಹೊಟ್ಟೆ ತುಂಬಿದ್ಮೇಲೆ ಸುಮ್ಕಾಯ್ತದೆ."

"ಎಲ್ಲಿ ತುಂಬ್ತದೆ? ನನ್ನಂಗೆ ಎರಡು ಚಮಚ ಗಂಜಿಗೆ ಸಾಕು ಅನ್ನೋ ಪೈಕಿ ಅಲ್ಲ ಅದು."

ನಾನು ಚಿಕ್ಕವನಿದ್ದಾಗ ಆ ಹಳ್ಳವನ್ನು ಹೆಂಗಸರು ಮಿಡತೆಯಂತೆ ದಾಟುತ್ತಿದ್ದರು, ಕಲ್ಲಿಂದ ಕಲ್ಲಿಗೆ, ಪಾದ ನೆನೆಯದೆ. ಆಮೇಲೆ ಕಂಪನಿ ಬಂತು. ಗುಡ್ಡದ ತಲೆಯನ್ನೇ ಸಿಡಿಸಿ ಕಲ್ಲಿದ್ದಲು ತೆಗೆಯಿತು. ತೆಗೆದ ಮಣ್ಣುಕಲ್ಲನ್ನು ಮೇಲಿನ ತೊರೆಗಳ ಮೇಲೆ ಸುರಿಯಿತು. ಮರವಿಲ್ಲ, ಬೇರಿಲ್ಲ. ಮೊದಲು ಒಂದು ದಿನ ತೆಗೆದುಕೊಂಡು ಇಳಿಯುತ್ತಿದ್ದ ನೀರು ಈಗ ಒಂದು ಗಂಟೆಯಲ್ಲಿ ಇಳಿಯುತ್ತದೆ. ಇಳಿಯುವಾಗ ಸಿಕ್ಕಿದ್ದನ್ನು ಕಿತ್ತುಕೊಂಡು ಹೋಗುತ್ತದೆ.

ನಾವು ಕೈಕಟ್ಟಿ ಕೂತಿರಲಿಲ್ಲ. ಡಿಸೆಂಬರಿನಲ್ಲಿ ನೆರೆಯ ಆಟಿಸ್ ತನ್ನ ಟ್ರ್ಯಾಕ್ಟರ್ ತಂದ. ನಾನು, ಅವನು, ಚರ್ಚಿನ ನಾಲ್ವರು ಸೇರಿ ಮೂರು ದಿನ ಬಂಡೆ ಹೊತ್ತು ದಡಕ್ಕೆ ಪೇರಿಸಿದೆವು. ಅತ್ತೆ ಬೀನ್ಸ್ ಬೇಯಿಸಿ, ಮೆಕ್ಕೆಜೋಳದ ರೊಟ್ಟಿ ಸುಟ್ಟು ಹಾಕಿದಳು. ಮುಂದಿನ ಮಳೆಗೆ ದಡ ಅಲ್ಲಾಡಲಿಲ್ಲ. ಬರ್ಲ್ ಮಾವ ಆ ವಾರ ಮೊದಲ ಬಾರಿಗೆ ಕಿಟಕಿಗೆ ಬೆನ್ನುಹಾಕಿ ನಿದ್ದೆ ಮಾಡಿದ.

ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ ಪರಿಸರ ಇಲಾಖೆಯಿಂದ ಮಿಸ್ ಕೀಟನ್ ಬಂದರು. ಮೂವತ್ತು ದಾಟದ ಹೆಣ್ಣುಮಗಳು. ಯಾರೋ ಫೋಟೋ ಸಮೇತ ದೂರು ಕೊಟ್ಟಿದ್ದರಂತೆ.

"ಪರವಾನಗಿ ಇಲ್ದೆ ಹಳ್ಳಕ್ಕೆ ಕಲ್ಲು ಹಾಕಿದ್ದೀರಿ. ಇದು ಅಪರಾಧ ಆಗುತ್ತೆ. ತೆಗೆಸಬೇಕು," ಅಂದರು.

"ತೆಗೆದ್ರೆ ಮನೆ ಹೋಯ್ತದಲ್ಲ ಮಗಳೇ," ಅಂದಳು ಅತ್ತೆ.

"ನೀವು ಹೀಗೆ ಪೇರಿಸಿದ್ರೆ ನೀರು ತಿರುಗಿ ಕೆಳಗಿನವರ ದಡಕ್ಕೆ ಹೊಡೆಯುತ್ತೆ, ಅಮ್ಮ. ಅವ್ರ ಮನೆ ಹೋಗುತ್ತೆ."

ಅದು ಸುಳ್ಳಾಗಿರಲಿಲ್ಲ. ಕೆಳಗೆ ಇದ್ದದ್ದು ಆಟಿಸನ ಮನೆಯೇ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಪರವಾನಗಿಗೆ ಏನೇನು ಬೇಕೆಂದು ಮಿಸ್ ಕೀಟನ್ ಒಂದು ಕಟ್ಟು ಕಾಗದ ಕೊಟ್ಟರು. ನಾನೇ ಓದಿ ಹೇಳಿದೆ. ಇಂಜಿನಿಯರ್ ಸಹಿ ಮಾಡಿದ ನಕ್ಷೆ ಬೇಕು. ಯಂತ್ರ ನೀರಿಗೆ ಇಳಿಯಬಾರದು. ಹೂಳು ಕೆಳಕ್ಕೆ ಹರಿಯದಂತೆ ಅಡ್ಡಪರದೆ ಕಟ್ಟಬೇಕು. ಈ ನೆಲದ ಗಿಡಗಳನ್ನೇ ನೆಡಬೇಕು. ಮೀನು ಮೊಟ್ಟೆಯಿಡುವ ಕಾಲವೆಂದು ಏಪ್ರಿಲ್ ಒಂದರಿಂದ ಜೂನ್ ಕೊನೆಯವರೆಗೆ ಹಳ್ಳ ಮುಟ್ಟಬಾರದು.

"ಮೀನಾ?" ಬರ್ಲ್ ಮಾವ ಒಳಗಿಂದ ಕೂಗಿದ. "ಗುಡ್ಡ ಸಿಡಿಸಿದ ಮೇಲೆ ಈ ಹಳ್ಳದಾಗೆ ಒಂದು ಮೀನು ಕಂಡೋರು ಯಾರವ್ರೆ? ಒಂದು ಬಂದ್ರೆ ಹೇಳ್ರಪ್ಪ, ನನ್ನ ಮಂಚ ಬಿಟ್ಕೊಡ್ತೀನಿ."

ಮಿಸ್ ಕೀಟನ್ ನಗಲಿಲ್ಲ. ನೆಲ ನೋಡಿದರು.

ಷರತ್ತುಗಳು ಕೆಟ್ಟವಾಗಿರಲಿಲ್ಲ. ಒಂದೊಂದನ್ನೇ ನೋಡಿದರೆ ತಪ್ಪು ಹುಡುಕಲಾಗದು. ಆದರೆ ಅವನ್ನು ಪಾಲಿಸುವಷ್ಟು ಶಕ್ತಿ ಇಡೀ ಕಣಿವೆಯಲ್ಲಿ ಒಬ್ಬರಿಗೂ ಇರಲಿಲ್ಲ. ಮೂರು ದಿನ ಹೊತ್ತ ಬಂಡೆಗಳನ್ನು ನಾವೇ ಎರಡು ದಿನದಲ್ಲಿ ಕಿತ್ತೆವು.

ಜನವರಿಯಲ್ಲಿ ಜೆಂಟ್ರಿ ಬಂದ. ಕಂಪನಿಗಾಗಿ ಹಳ್ಳಗಳ ಕೆಲಸ ಮಾಡಿಸುವ ಗುತ್ತಿಗೆದಾರ. ಕೆಸರು ಕಾಣದ ಬೂಟು, ಕೈಯಲ್ಲಿ ಡೋನಟ್ ಡಬ್ಬಿ.

"ಕಂಪನಿಗೆ ಆಚೆ ಕಣಿವೆಯ ತೊರೆ ಮುಚ್ಚಬೇಕಾಗಿದೆ, ಅಮ್ಮ. ಅಲ್ಲಿ ಎಷ್ಟು ಉದ್ದ ಮುಚ್ತೀವೋ ಅಷ್ಟು ಉದ್ದದ ಹಳ್ಳ ಬೇರೆ ಕಡೆ ಸರಿಮಾಡಿಕೊಡಿ ಅಂತ ಕಾನೂನು. ನಿಮ್ಮ ದಡವನ್ನೇ ಸರಿಮಾಡ್ತೀವಿ. ಇಂಜಿನಿಯರ್ ನಮ್ಮವನು, ಪರವಾನಗಿ ನಮ್ಮದು. ನೀವು ಸಹಿ ಹಾಕಿದ್ರೆ ಮುಗೀತು."

"ಪೂರ್ತಿ ಸರಿಮಾಡ್ತೀಯಾ?"

"ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ."

ಕಾಗದ ಇಪ್ಪತ್ತು ಪುಟ ಇತ್ತು. ಅವನು ಸಹಿಯ ಪುಟಗಳನ್ನು ಮಾತ್ರ ತಿರುವಿ ಬೆರಳಿಟ್ಟು ತೋರಿಸಿದ. ಆ ಹೊತ್ತಿಗೆ ಉಳಿದಿದ್ದದ್ದು ಏಳು ಅಡಿ. ಅತ್ತೆ ಸಹಿ ಹಾಕಿದಳು. ಸಾಕ್ಷಿಗೆ ನಾನು ಹಾಕಿದೆ. ಹೊರಗೆ ಬಂದು ಜೆಂಟ್ರಿ ನನ್ನ ಬೆನ್ನು ತಟ್ಟಿದ. "ಕೆಲಸಕ್ಕೆ ಬರ್ತೀಯಾ, ಆರ್ವಿಲ್?" ನಾನಿದ್ದ ಸುರಂಗದ ಗಣಿ ಮುಚ್ಚಿ ನಾನು ಮನೆಯಲ್ಲಿ ಕೂತು ಎರಡು ವರ್ಷವಾಗಿತ್ತು. ಬರುತ್ತೇನೆ ಅಂದೆ.

ಕೆಲಸ ಮಾರ್ಚ್ ಕೊನೆಯ ವಾರ. ಏಪ್ರಿಲ್ ಒಂದರೊಳಗೆ ಮುಗಿಯಬೇಕು. ಮಾಡುವ ಕ್ರಮ ನಕ್ಷೆಯ ಬದಿಯಲ್ಲೇ ಬರೆದಿತ್ತು. ದಡದ ಬುಡಕ್ಕೆ ಮೊದಲು ದೊಡ್ಡ ಕಲ್ಲು ಹೂಳಬೇಕು. ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿ ಗೂಟ ಹೊಡೆಯಬೇಕು. ಚಾಪೆಯ ಮೂಲಕ, ನೀರಂಚಿನಲ್ಲಿ ಬೆಳೆಯುವ ವಿಲ್ಲೋ ಮರದ ಹಸಿ ಕಡ್ಡಿ ನೆಡಬೇಕು. ಕಡ್ಡಿಯ ಮುಕ್ಕಾಲು ಭಾಗ ಮಣ್ಣೊಳಗಿರಬೇಕು. ಕಡಿದ ಕಡ್ಡಿ ನೆಡುವವರೆಗೆ ನೀರಲ್ಲಿ ನೆನೆದಿರಬೇಕು. ಅದು ಬೇರು ಬಿಟ್ಟರೆ ಮಾತ್ರ ದಡ ನಿಲ್ಲುತ್ತದೆ.

ನಮ್ಮ ಕಡ್ಡಿಗಳು ಒಂಬತ್ತು ದಿನದಿಂದ ಲಾರಿಯ ಮೇಲೆ ಬಿಸಿಲು ಗಾಳಿಗೆ ಬಿದ್ದಿದ್ದವು. ಉಗುರಿನಿಂದ ಸಿಪ್ಪೆ ಕೆರೆದೆ. ಹಸಿರಿಲ್ಲ. ಕಂದು.

"ಜೆಂಟ್ರಿಯವ್ರೆ, ಇವು ಸತ್ತೋಗವೆ."

"ನೆಡು."

"ಬುಡಕ್ಕೆ ಕಲ್ಲು ಎಲ್ಲಿ?"

"ಕಲ್ಲಿನ ಲಾರಿ ಬರ್ಲಿಲ್ಲ. ಚಾಪೆ ಹಾಸಿದ್ರೆ ಬುಡ ಯಾರಿಗೆ ಕಾಣುತ್ತೆ?"

"ಕಾಗದದಾಗೆ ಮುಕ್ಕಾಲು ಭಾಗ ಒಳಗಿರ್ಬೇಕು ಅಂತ ಐತೆ. ಇಲ್ಲಿ ಗೇಣುದ್ದ ಹೋದ್ರೆ ಜಲ್ಲಿ ಸಿಕ್ತದೆ."

ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಚಿಗುರು ಬರೋದು ಮೇ ತಿಂಗಳಲ್ಲಿ. ಫೋಟೋ ತೆಗೆಯೋದು ಶುಕ್ರವಾರ. ನಿನಗೆ ಕೆಲಸ ಬೇಕೋ, ವಾದ ಬೇಕೋ?"

ನಾನು ನೆಟ್ಟೆ. ಆರು ನೂರು ಸತ್ತ ಕಡ್ಡಿಗಳನ್ನು ಸಾಲಾಗಿ, ಅಂದವಾಗಿ ನೆಟ್ಟೆ. ಯಂತ್ರ ಹಳ್ಳದ ನಡುವೆಯೇ ಓಡಾಡಿತು. ಅಡ್ಡಪರದೆಯನ್ನು ಶುಕ್ರವಾರ ಬೆಳಿಗ್ಗೆ ಕಟ್ಟಿ, ಫೋಟೋ ಆದ ಮೇಲೆ ಸುತ್ತಿ ಲಾರಿಗೆ ಹಾಕಿದರು. ಅತ್ತೆ ಹೊರಗೆ ಬಂದು ಎಲ್ಲರಿಗೂ ಕಾಫಿ ಕೊಟ್ಟಳು. ನನ್ನ ಲೋಟ ಕೊಡುವಾಗ ನಾನು ಅವಳ ಮುಖ ನೋಡಲಿಲ್ಲ.

ಮರುವಾರ ಆಚೆ ಕಣಿವೆಯಿಂದ ಸಿಡಿತದ ಸದ್ದು ಕೇಳಿಬಂತು. ತೊರೆ ಮುಚ್ಚಲು ಶುರುಮಾಡಿದ್ದರು.

ಮೇ ಎಂಟಕ್ಕೆ ಮಳೆ ಹಿಡಿಯಿತು. ಬೆಳಿಗ್ಗೆ ಹತ್ತಕ್ಕೆಲ್ಲ ನೀರು ಚಾಪೆಯ ಕೆಳಗೆ ನುಗ್ಗಿ, ಮೊಲದ ಚರ್ಮ ಸುಲಿದ ಹಾಗೆ ಅದನ್ನು ಒಂದೇ ಎಳೆತಕ್ಕೆ ಸುಲಿಯಿತು. ಕಡ್ಡಿಗಳು ಬೆಂಕಿಕಡ್ಡಿಗಳಂತೆ ತೇಲಿಹೋದವು. ನಾನು ಇಲಾಖೆಗೆ ಫೋನ್ ಮಾಡಿದೆ. ಮಳೆ ಕೊಂಚ ಬಿಟ್ಟ ಮೇಲೆ ಮಿಸ್ ಕೀಟನ್ ಬಂದರು. ಉಳಿದಿದ್ದ ಒಂದು ಕಡ್ಡಿಯನ್ನು ಎರಡು ಬೆರಳಿಂದ ಎಳೆದರು. ಅದು ಬಂತು.

"ಒಂದು ಬೇರೂ ಬಿಟ್ಟಿಲ್ಲ," ಅಂದರು.

"ಸತ್ತಿದ್ದವನ್ನೇ ನೆಟ್ಟಿದ್ದು ಮೇಡಂ. ನಾನೇ ನೆಟ್ಟೋನು."

ಅವರು ಕಾರಿನಲ್ಲಿ ಕೂತು ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ಹೊರಬಂದು ತಿಳಿದದ್ದನ್ನು ಹೇಳಿದರು. ಜೆಂಟ್ರಿಯ ಸಂಸ್ಥೆ ಏಪ್ರಿಲಿನಲ್ಲೇ ಬಾಗಿಲು ಹಾಕಿತ್ತು. ಕಂಪನಿಯ ಲೆಕ್ಕದಲ್ಲಿ ದಡ ಸರಿಹೋಗಿತ್ತು, ಫೋಟೋ ನೋಡಿ ಇಲಾಖೆಯೂ ಒಪ್ಪಿತ್ತು.

"ಹಂಗಾರೆ ನಾವೇ ಕಲ್ಲು ಹಾಕ್ಕೋತೀವಿ," ಅಂದ ಆಟಿಸ್. "ಈಗ್ಲೇ. ನಂದೂ ಹೋದ್ರೆ ಹೋಗ್ಲಿ."

"ಜುಲೈವರೆಗೆ ಅನುಮತಿ ಕೊಡೋಕೆ ನನಗೆ ಅಧಿಕಾರ ಇಲ್ಲ. ಇದು ಮೊಟ್ಟೆಯಿಡೋ ಕಾಲ. ಅದೂ ಅಲ್ಲದೆ ಕಂಪನಿಗೆ ನೀವು ಸಹಿ ಹಾಕಿಕೊಟ್ಟ ಕಾಗದದಲ್ಲಿ ಹದಿನೇಳನೆಯ ಷರತ್ತಿದೆ. ಅಮ್ಮ, ನೀವು ಓದಿರಲಿಲ್ವಾ?"

ಆಗ ಅವರು ಓದಿ ಹೇಳಿದರು. ದಡದಿಂದ ಐವತ್ತು ಅಡಿಯವರೆಗಿನ ನೆಲ ಇನ್ನು ಎಂದೆಂದಿಗೂ ಹಳ್ಳಕ್ಕೆ ಸೇರಿದ್ದು. ಅಲ್ಲಿ ಅಗೆಯಬಾರದು, ಬಿತ್ತಬಾರದು, ಕಟ್ಟಬಾರದು. ಈಗಿರುವ ಕಟ್ಟಡ ಬಿದ್ದರೆ ಮತ್ತೆ ಎಬ್ಬಿಸಬಾರದು. ಆ ನೆಲಕ್ಕೆ ಏನಾದರೂ ಜವಾಬ್ದಾರಿ ಮಾಲೀಕರದು.

ಅತ್ತೆಯ ಇಡೀ ಮನೆ ಆ ಐವತ್ತು ಅಡಿಯೊಳಗಿತ್ತು. ಹಿಂದೆ ಗುಡ್ಡ, ಮುಂದೆ ಹಳ್ಳ. ಅವಳಿಗೆ ಬೇರೆ ನೆಲವೇ ಇರಲಿಲ್ಲ.

"ನಂದು ಅಂತ ಉಳಿದದ್ದು ಏನು ಹಂಗಾರೆ?" ಅತ್ತೆ ಕೇಳಿದಳು.

ಮಿಸ್ ಕೀಟನ್ ಕಾಗದ ಮಡಚಿ ಕಾರಿನ ಕಡೆ ನಡೆದರು.

ಎರಡು ದಿನ ಬಿಟ್ಟು ಮತ್ತೆ ಸುರಿಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಅಡುಗೆಮನೆಯ ಮೂಲೆ ಬಿರುಕು ಬಿಟ್ಟಿತು. ಕರೆಂಟು ಹೋಗಿ ಆಕ್ಸಿಜನ್ ಯಂತ್ರ ನಿಂತಿತು. ಬರ್ಲ್ ಮಾವನನ್ನು ಕುರ್ಚಿಗೆ ಕೂರಿಸಿ, ಸಣ್ಣ ಸಿಲಿಂಡರು ತೊಡೆಯ ಮೇಲಿಟ್ಟು, ನಾಲ್ವರು ಎತ್ತಿದೆವು. ಅವನ ತೂಕ ಒಂದು ಮೂಟೆ ಹಿಟ್ಟಿನಷ್ಟೂ ಇರಲಿಲ್ಲ. ರಸ್ತೆಗೆ ಹತ್ತಿ ತಿರುಗಿದಾಗ ಮನೆ ಮಂಡಿಯೂರಿದ ದನದಂತೆ ಮುಂದಕ್ಕೆ ಬಾಗಿತು. ಆಮೇಲೆ ಇಳಿಯಿತು. ಒಲೆ, ಬೀರು, ಮಂಚ, ಎಲ್ಲ.

"ನೋಡ್ಬೇಡ," ಅಂದಳು ಅತ್ತೆ, ಗಂಡನ ಕಣ್ಣಿಗೆ ಅಂಗೈ ಅಡ್ಡ ಹಿಡಿದು.

"ಆರು ತಿಂಗಳಿಂದ ನೋಡ್ತಾನೇ ಇದ್ದೆ ಕಣೆ," ಅಂದ ಅವನು.

ಪೇಟೆಯ ಆಸ್ಪತ್ರೆಯಲ್ಲಿ ಒಂಬತ್ತನೆಯ ದಿನ ಬರ್ಲ್ ಮಾವ ಸತ್ತ. ಎದೆಯ ಕಾಯಿಲೆ ಎಂದು ಬರೆದುಕೊಟ್ಟರು.

ಮಣ್ಣು ಮಾಡಿ ಬಂದು ನಮ್ಮ ಮನೆಯ ಜಗಲಿಯಲ್ಲಿ ಕೂತಾಗ ನಾನು ಅತ್ತೆಗೆ ಎಲ್ಲ ಹೇಳಿದೆ. ಕಡ್ಡಿ ಸತ್ತಿದ್ದು, ಕಲ್ಲು ಹೂಳದಿದ್ದದ್ದು, ನಾನು ತಿಳಿದೂ ನೆಟ್ಟಿದ್ದು.

"ಗೊತ್ತು," ಅಂದಳು. "ಅವನು ಕಿಟಕಿಯಿಂದ ನೋಡ್ತಿದ್ನಲ್ಲ. 'ಆರ್ವಿಲ ಯಾಕೆ ಸುಮ್ಕವ್ನೆ?' ಅಂತ ಕೇಳ್ದ. ನಾನು, ಅವನಿಗೂ ಒಲೆ ಉರೀಬೇಕಲ್ಲ ಅಂದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ.

ಜೂನ್ ಮೊದಲ ವಾರ ಅತ್ತೆಯ ಹೆಸರಿಗೆ ಇಲಾಖೆಯ ಲಕೋಟೆ ಬಂತು. ಮಿಸ್ ಕೀಟನ್ ಅವರ ಸಹಿಯಲ್ಲ, ಮೇಲಿನ ಯಾರದೋ. ನಾನು ಓದಿದೆ. ಪರವಾನಗಿ ಇಲ್ಲದೆ ಹಳ್ಳದೊಳಗೆ ಕಟ್ಟಡದ ಅವಶೇಷ ಹಾಕಿದ್ದೀರಿ. ಮೂವತ್ತು ದಿನದಲ್ಲಿ ತೆರವು ಮಾಡಿ. ಮೀನಿನ ಕಾಲವಾದ್ದರಿಂದ ಯಂತ್ರ ಇಳಿಸಬಾರದು, ಕೈಯಿಂದಲೇ ಎತ್ತಬೇಕು. ಎತ್ತಿದ್ದನ್ನು ನೆರೆಯ ನೀರು ಮುಟ್ಟದಷ್ಟು ಎತ್ತರದ ಜಾಗದಲ್ಲಿ ಇಡಬೇಕು.

ನಾನು ಮುಂದೆ ಓದಲಾರದೆ ನಿಲ್ಲಿಸಿದೆ. ಅತ್ತೆ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇದನ್ನ ಇನ್ನೊಂದು ಸಲ ಓದು."

ಓದಿದೆ.

"ನೀರು ಮುಟ್ಟದಷ್ಟು ಎತ್ತರ. ಈ ಕಣಿವೆಯಾಗೆ ಅಂಥ ಜಾಗ ಎಲ್ಲೈತೆ?"

"ಒಂದೇ ಐತೆ ಅತ್ತೆ. ಕಂಪನಿ ಗೇಟಿನ ಹತ್ರ."

"ನಡಿ ಹಂಗಾರೆ."

ಸೋಮವಾರ ಬೆಳಿಗ್ಗೆ ನಾವು ಏಳು ಜನ ಹಳ್ಳಕ್ಕಿಳಿದೆವು. ಹತ್ತು ಗಂಟೆಗೆ ಇಪ್ಪತ್ತಾದೆವು, ಮಧ್ಯಾಹ್ನಕ್ಕೆ ನಲವತ್ತು. ಆಚೆ ಕಣಿವೆಯವರೂ ಬಂದರು. ಅವರ ತೊರೆ ಆಗಲೇ ಮಣ್ಣಡಿಯಲ್ಲಿತ್ತು. ಮಂಡಿಯುದ್ದ ಕೆಸರಲ್ಲಿ ನಿಂತು ಹಲಗೆ, ತಗಡು, ಕಿಟಕಿ ಚೌಕಟ್ಟು ಒಂದೊಂದೇ ಎತ್ತಿ ಕೈಯಿಂದ ಕೈಗೆ ದಾಟಿಸಿದೆವು. ಆಟಿಸನ ಟ್ರ್ಯಾಕ್ಟರು ರಸ್ತೆಯಲ್ಲೇ ನಿಂತಿತ್ತು. ಚಕ್ರ ನೀರಿಗೆ ತಾಗಿಸಲಿಲ್ಲ. ಅದರ ಹಿಂದಿನ ಟ್ರೇಲರ್ ತುಂಬಿದ ಹಾಗೆಲ್ಲ ಗುಡ್ಡ ಹತ್ತಿಸಿ, ಕಂಪನಿಯ ಗೇಟಿನ ಮುಂದೆ, ಕಲ್ಲಿದ್ದಲು ಲಾರಿಗಳು ಓಡುವ ದಾರಿಗೆ ಅಡ್ಡವಾಗಿ ಪೇರಿಸಿದೆವು. ಒಲೆ. ಬೀರು. ಮುರಿದ ಮಂಚ.

ಲಾರಿಗಳು ಸಾಲುಗಟ್ಟಿದವು. ಗೇಟಿನಿಂದ ಒಬ್ಬ ಓಡಿಬಂದ. ಕಂಪನಿಯ ಅಂಗಿ ತೊಟ್ಟ ಜೆಂಟ್ರಿಯೇ. ಈಗ ನೇರ ಕಂಪನಿಯ ಕೆಲಸಕ್ಕೇ ಸೇರಿಕೊಂಡಿದ್ದ.

"ಏನಿದು? ತೆಗೀರಿ ಇದನ್ನ!"

ಅತ್ತೆ ಲಕೋಟೆ ಚಾಚಿದಳು. "ಸರ್ಕಾರದ ಕಾಗದ ಕಣಪ್ಪ. ಎತ್ತರದಾಗೆ ಇಡು ಅಂತ ಬರ್ದೈತೆ. ತೆಗೀಬೇಕು ಅಂದ್ರೆ ನೀನು ಪರವಾನಗಿ ತಗೊಂಡ್ ಬಾ. ನಕ್ಷೆ ತಾ. ಯಂತ್ರ ತರ್ಬೇಡ. ಕೈಯಾಗೆ ಎತ್ತು."

ಡ್ರೈವರೊಬ್ಬ ಗೊಳ್ಳೆಂದು ನಕ್ಕ. ನಗುತ್ತಲೇ ಲಾರಿಯ ಇಂಜಿನ್ ಆರಿಸಿ ಕೆಳಗಿಳಿದ.

ಜೆಂಟ್ರಿ ನನ್ನ ಕಡೆ ತಿರುಗಿದ. "ಆರ್ವಿಲ್, ಪೊಲೀಸ್ ಬಂದ್ರೆ ಮೊದಲು ಒಳಗೆ ಹೋಗೋನು ನೀನು. ಸಾಕ್ಷಿ ಸಹಿ ನಿಂದು. ಕಡ್ಡಿ ನೆಟ್ಟ ಕೈಯೂ ನಿಂದೇ."

"ಅದನ್ನೇ ಹೇಳೋಕೆ ಕಾಯ್ತಾ ಇವ್ನಿ," ಅಂದೆ. "ಬರ್ಲಿ. ಎಲ್ಲ ಬರ್ಕೊಳ್ಳಲಿ."

ಕೆಳಗಿನ ತಿರುವಿನಲ್ಲಿ ಪೊಲೀಸ್ ಕಾರಿನ ದೀಪ ಕಾಣಿಸಿತು. ಅತ್ತೆ ಒಮ್ಮೆ ಆ ಕಡೆ ನೋಡಿದಳು. ಆಮೇಲೆ ಹಳೆಯ ಕೋಟಿನ ತೋಳು ಮಡಚಿದಳು. ಇನ್ನೂ ಅರ್ಧ ಮನೆ ಹಳ್ಳದಲ್ಲೇ ಇತ್ತು. ನಾವು ಮತ್ತೆ ಇಳಿದೆವು.