ಬಿಸಿಲಿಗಿಟ್ಟ ಚಿಪ್ಪು

ಹಳೆಯ ಕಂಪ್ಯೂಟರಿನ ಚಿಪ್ಪಿನ ನಡುವಿನ ಪುಟ್ಟ ಗಾಜಿನ ಕಿಟಕಿ ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ಅಂಟಿಸಿದ್ದ ಕಪ್ಪು ಚೀಟಿ ಕಾಣದ್ದನ್ನು ನೋಡಿ ಶ್ರೀಪ್ರಿಯಾ ಕಿಟಕಿಯನ್ನು ತಟ್ಟನೆ ಅಂಗೈಯಿಂದ ಮುಚ್ಚಿದಳು.

ಅವಳು ಪಾಠ ಹೇಳುವ ಕಂಪ್ಲಿಯ ಶಾಲೆಯಲ್ಲಿ ಎಂಬತ್ತರ ದಶಕದ ಎರಡು ಕಂಪ್ಯೂಟರುಗಳಿದ್ದವು. ಹೊರಗೆ ಅವಳಿಜವಳಿ. ಒಳಗಿನ ಚಿಪ್ಪಿನಲ್ಲಿದ್ದ ಮೂಲ ಆದೇಶಗಳು ಮಾತ್ರ ಒಂದರಲ್ಲಿ ಮೊದಲ ಆವೃತ್ತಿಯವು, ಇನ್ನೊಂದರಲ್ಲಿ ಆಮೇಲೆ ತಿದ್ದಿದವು. ಆಗಿನ ಗಣಿತದ ಮೇಷ್ಟ್ರು ಅಚ್ಯುತಾಚಾರ್ಯರು ಮೊದಲನೆಯದರಲ್ಲಿ ಅಣೆಕಟ್ಟಿನ ಆಟವೊಂದನ್ನು ಬರೆದಿದ್ದರು. ಗೇಟು ಎತ್ತುತ್ತ, ಇಳಿಸುತ್ತ ಕೆಳಗಿನ ಗದ್ದೆಗಳನ್ನು ಕಾಯಬೇಕು. ನೀರು ಮಿತಿ ದಾಟಿದರೆ ಸೈರನ್ ಕೂಗುತ್ತದೆ. ಆ ಸದ್ದಿಗಾಗಿ ಮೇಷ್ಟ್ರು ಕೈಪಿಡಿಯ ದಾರಿ ಬಿಟ್ಟು ಚಿಪ್ಪಿನೊಳಗಿನ ಒಂದು ವಿಳಾಸಕ್ಕೆ, ಅಂದರೆ ಆದೇಶವಿದ್ದ ಜಾಗಕ್ಕೆ, ಆಟ ನೇರವಾಗಿ ಜಿಗಿಯುವಂತೆ ಬರೆದಿದ್ದರು. ತಿದ್ದಿದ ಆವೃತ್ತಿಯಲ್ಲಿ ಆ ವಿಳಾಸದಲ್ಲಿ ಬೇರೇನೋ ಇತ್ತು. ಹಾಗಾಗಿ ಎರಡನೇ ಯಂತ್ರದಲ್ಲಿ ಸೈರನ್ ಕೂಗಬೇಕಾದ ಹೊತ್ತಿಗೆ ಆಟ ಸ್ತಬ್ಧವಾಗುತ್ತಿತ್ತು.

ಶನಿವಾರ ಮೇಷ್ಟ್ರು ಬರುವವರಿದ್ದರು. ನಿಮ್ಮ ಆಟ ನೀವು ಬಿಟ್ಟುಹೋದ ಹಾಗೆಯೇ ಇದೆ ಎಂದು ಶ್ರೀಪ್ರಿಯಾ ಫೋನಿನಲ್ಲಿ ಮಾತು ಕೊಟ್ಟಿದ್ದಳು. ಕ್ಯಾಸೆಟ್ಟಿನಲ್ಲಿದ್ದ ಆಟಕ್ಕೆ ಮೂರು ನಕಲು ಮಾಡಿಟ್ಟಿದ್ದಳು. ಮೊದಲನೇ ಯಂತ್ರದ ಈ ಚಿಪ್ಪಿಗೆ ಒಂದನ್ನೂ ಮಾಡಿರಲಿಲ್ಲ.

ಆಯುಧಪೂಜೆಗೆಂದು ಎಲ್ಲವನ್ನೂ ಸ್ವಚ್ಛ ಮಾಡಿದ್ದು ಆಯಾ ಭೀಮವ್ವ. ಕೇಳಿದ್ದಕ್ಕೆ ಅವಳು ಏನೂ ಮುಚ್ಚಿಡಲಿಲ್ಲ.

"ಮುಚ್ಚಳ ತಗದ್ರ ಒಳಗ ಜಿರಳಿ ತತ್ತಿ ಇದ್ವುರಿ. ಹೊಲಸು ಚೀಟಿ ಕಿತ್ತು ನಾಲ್ಕು ದಿನ ಬಿಸಲಾಗ ಇಟ್ಟೆ. ಹೋದ ವರ್ಷ ಧೂಳು ಐತಿ ಅಂತ ನೀವ ಬೈದಿದ್ರಲ್ರಿ."

ಬೈದದ್ದು ನಿಜ. ಇಂಥ ಚಿಪ್ಪಿನಲ್ಲಿ ಬರೆದದ್ದನ್ನು ಬೆಳಕು ಅಳಿಸುತ್ತದೆ, ಅದಕ್ಕೇ ಆ ಕಪ್ಪು ಚೀಟಿ. ನೇರ ಬಿಸಿಲಿಗೆ ಒಂದು ವಾರ ಸಾಕು ಎಂದು ಶ್ರೀಪ್ರಿಯಾ ಓದಿದ್ದಳು. ನಾಲ್ಕು ದಿನಕ್ಕೆ ಎಷ್ಟು ಅಳಿದಿರುತ್ತದೆ ಎಂದು ಎಲ್ಲೂ ಬರೆದಿರಲಿಲ್ಲ.

ಶುಕ್ರವಾರ ರಜೆ ಹಾಕಿ ಹೊಸಪೇಟೆಗೆ ಹೋದಳು. ಹಂಪೇಶನ ರಿಪೇರಿ ಅಂಗಡಿಯಲ್ಲಿ ಚಿಪ್ಪು ಓದುವ ಸಲಕರಣೆ ಇತ್ತು. ಅವನು ಎರಡು ಸಲ ಓದಿಸಿ ಹುಬ್ಬು ಗಂಟಿಕ್ಕಿದ.

"ಒಂದೊಂದು ಸಲ ಒಂದೊಂದು ಥರ ಬರಾಕತ್ತೈತ್ರಿ ಮೇಡಂ. ಯಾವುದು ಖರೇ ಅಂತ ನಂಬಬೇಕು?"

ಶ್ರೀಪ್ರಿಯಾ ಎರಡೂ ಸಲ ಬಂದದ್ದನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಚಿಪ್ಪಿನ ಬರಹವೆಲ್ಲ ಬರೀ ಸೊನ್ನೆ ಮತ್ತು ಒಂದು. ಬೆಳಕು ಸೊನ್ನೆಯನ್ನು ಒಂದು ಮಾಡುತ್ತದೆ, ಒಂದನ್ನು ಸೊನ್ನೆ ಮಾಡಲಾರದು. ಹಾಗಿದ್ದರೆ ಹತ್ತು ಸಲ ಓದಿಸಿದಾಗ ಒಮ್ಮೆ ಸೊನ್ನೆ ಕಂಡರೂ ಅಲ್ಲಿ ಮೊದಲಿದ್ದದ್ದು ಸೊನ್ನೆಯೇ. ಮಾಸಿದ ಸೊನ್ನೆಗಳೂ ಕಾಣಲೆಂದು ಹಂಪೇಶ ವೋಲ್ಟೇಜನ್ನು ಚೂರುಚೂರೇ ಇಳಿಸುತ್ತ ಮತ್ತೆ ಮತ್ತೆ ಓದಿಸಿದ. ಎಲ್ಲವನ್ನೂ ಕೂಡಿಸಿ ಹೊಸ ಚಿಪ್ಪಿಗೆ ಬರೆದರು. ಪೂರ್ತಿ ಅಳಿದುಹೋದ ಸೊನ್ನೆ ಎಲ್ಲಾದರೂ ಉಳಿದಿದೆಯೇ ಎಂದು ತಿಳಿಯಲು ದಾರಿಯೇ ಇರಲಿಲ್ಲ. ಸಂಜೆಯ ಬಸ್ಸಿನಲ್ಲಿ ಚಿಪ್ಪಿನ ಡಬ್ಬಿಯನ್ನು ಅವಳು ತೊಡೆಯ ಮೇಲಿಂದ ಇಳಿಸಲಿಲ್ಲ.

ಶನಿವಾರ ಅವಳು ಚಿಪ್ಪು ಕೂರಿಸುತ್ತಿದ್ದಾಗಲೇ ಮೇಷ್ಟ್ರು ಬಂದುಬಿಟ್ಟರು. ಪರೀಕ್ಷಿಸಿ ನೋಡಲು ಸಮಯ ಸಿಗಲಿಲ್ಲ. ಯಂತ್ರ ಶುರುವಾಯಿತು, ಕ್ಯಾಸೆಟ್ಟಿನಿಂದ ಆಟ ಲೋಡಾಯಿತು, ಮೇಷ್ಟ್ರು ಕೀಲಿಮಣೆಗೆ ಕೈಯಿಟ್ಟರು. ಮೇಲಿನಿಂದ ಎಷ್ಟೇ ನೀರು ಬರಲಿ, ಸರಿಯಾದ ಹೊತ್ತಿಗೆ ಸರಿಯಾದ ಗೇಟು ಎತ್ತುತ್ತಿದ್ದರು. ನೀರು ಮಿತಿಯ ಹತ್ತಿರಕ್ಕೂ ಸುಳಿಯಲಿಲ್ಲ. ಸುತ್ತ ನೆರೆದ ಮಕ್ಕಳೆಲ್ಲ ಮೆಚ್ಚಿ ನೋಡುತ್ತಿದ್ದರೆ, ಸೈರನ್ ಕೂಗದೆ ಚಿಪ್ಪು ಸರಿಯಿದೆಯೇ ಎಂದು ತಿಳಿಯದ ಶ್ರೀಪ್ರಿಯಾ ಪರದೆಯ ಮೇಲಿನ ನೀರಿನ ನೀಲಿ ಗೆರೆಯನ್ನೇ ಕಾಯುತ್ತಿದ್ದಳು.

"ಸಾರ್, ಒಂದ್ಸಲ ಮುಳುಗಿಸಿಬಿಡ್ರಿ," ಎಂದಳು ಕೊನೆಗೆ.

"ಡ್ಯಾಮಿನ ಕೆಳಗಿನ ಬುಕ್ಕಸಾಗರಕ್ಕ ನಮ್ಮಕ್ಕನ್ನ ಕೊಟ್ಟೀವಮ್ಮ. ಹೆಂಗ ಮುಳುಗಸ್ಲಿ?"

ಎಲ್ಲರೂ ನಕ್ಕರು. ಅವಳು ನಗದಿರುವುದನ್ನು ಕಂಡು ಮೇಷ್ಟ್ರು ಏನಾಯಿತೆಂದು ಕೇಳಿದರು. ಅವಳು ಚೀಟಿಯಿಂದ ಹಿಡಿದು ಹಂಪೇಶನ ಅಂಗಡಿಯವರೆಗೆ ಎಲ್ಲವನ್ನೂ ಹೇಳಿದಳು. ಬೈದು ಸ್ವಚ್ಛ ಮಾಡಿಸಿದ್ದು ತಾನೇ ಎಂಬುದನ್ನೂ ಸೇರಿಸಿದಳು. ಮೇಷ್ಟ್ರು ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

ನೀಲಿ ಗೆರೆ ಏರಿತು. ಗೇಟುಗಳ ತಲೆ ಮುಟ್ಟಿತು, ದಾಟಿತು. ಪರದೆ ಒಂದು ಕ್ಷಣ ಅಲುಗಾಡದೆ ನಿಂತಿತು. ಶ್ರೀಪ್ರಿಯಾ ಕಣ್ಣು ಮುಚ್ಚಿದಳು.

ಸೈರನ್ ಕೂಗಿತು.

ಮೇಷ್ಟ್ರು ಕತ್ತು ವಾಲಿಸಿ ಅದು ನಿಲ್ಲುವ ತನಕ ಕೇಳಿದರು.

"ಇದ ಹೌದು ಅನಸ್ತದ," ಎಂದರು. "ಆದ್ರ ಇನ್ನೊಂದ್ಸಲ ಕೇಳೋಣು."

ಅವಳು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತತೊಡಗಿದಳು.