ರೇಷ್ಮೆಯ ತೋಳು

ಸಣ್ಣೀರಮ್ಮನವರು ಮಣಿಕಟ್ಟಿನವರೆಗೂ ತೋಳಿರುವ ರೇಷ್ಮೆ ರವಿಕೆ ತೊಟ್ಟರೆ ಮಾತ್ರ ವೇದಿಕೆಯ ಮೇಲೆ ವೀಣೆ ನುಡಿಸಬಹುದೆಂದು ಸಂಗೀತ ಸಭೆಯವರು ಹೇಳಿಕಳುಹಿಸಿದರು. ಅದನ್ನು ಹೊಲಿದವಳು ನಾನು.

ವೀಣೆಯ ಕೊಡದ ಅಂಚಿಗೆ ಒರಗಿದ ಅವರ ಬರಿಯ ಬಲ ಮುಂಗೈ, ಅದರ ಮೇಲೆ ತಾಯಿ ಹಾಕಿಸಿದ್ದ ಹಸಿರು ಹಚ್ಚೆ: ನನಗೆ ಅವರೆಂದರೆ ಇಷ್ಟೇ. ವೀಣೆ ಮಾಡುವವರ ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷ ಹಲಸಿನ ಮರ ಉಜ್ಜುತ್ತಲೇ ನುಡಿಸಲು ಕಲಿತವರು ಅವರು. ಬೆವರಿದ ಚರ್ಮ ಮರವನ್ನು ಕಚ್ಚಿ ಹಿಡಿಯುತ್ತಿತ್ತು. ಎಡಗೈ ನಿಶ್ಚಿಂತೆಯಿಂದ ತಂತಿಯನ್ನು ಎಳೆಯುತ್ತಿತ್ತು. ವೀಣೆಯ ಒಂದೇ ಹಿತ್ತಾಳೆ ಮೆಟ್ಟಿಲ ಮೇಲೆ ಮೂರು ಸ್ವರ ಏರುವ ಆ ಎಳೆತದಲ್ಲಿ, ಎಷ್ಟು ಕರೆದರೂ ಬಾರದವರನ್ನು ಮತ್ತೊಮ್ಮೆ ಕರೆಯುವ ದನಿಯಿತ್ತು.

ರೇಷ್ಮೆ ಎಂದರೆ ಮರ್ಯಾದೆ ಎಂದೇ ನಾನು ತಿಳಿದಿದ್ದೆ. ತೊಡಿಸಿ ಕೂರಿಸಿದೆ. ತೋಳು ಜಾರಿತು, ಕೊಡ ಜಾರಿತು, ಎಡಗೈ ವೀಣೆಯನ್ನು ಹಿಡಿಯಲು ಓಡಿತು. ಎಳೆತ ಅರ್ಧಕ್ಕೇ ಸತ್ತುಹೋಯಿತು.

"ಸೋಪು ಹಚ್ಚಿದ ಮಗೂನ ಎತ್ಕೊಂಡಂಗಾಯ್ತಲ್ಲೇ!" ಎಂದು ಅವರು ನಕ್ಕರು.

ತೋಳಿನಡಿ ಒರಟು ಖಾದಿಯ ಪಟ್ಟಿ ಹೊಲಿದೆ. ಪಟ್ಟಿ ಮರವನ್ನೇನೋ ಹಿಡಿಯಿತು. ರೇಷ್ಮೆಯೊಳಗೆ ಕೈಯೇ ಜಾರಿತು. ಈ ಸಲ ಅವರು ನಗಲಿಲ್ಲ.

ಬಲದ ತೋಳನ್ನಷ್ಟೇ ಮೊಣಕೈಗೆ ಕತ್ತರಿಸಲು ಅನುಮತಿ ಕೇಳಿ ಸಭೆಯ ಕಾರ್ಯದರ್ಶಿಗಳ ಬಳಿ ಹೋದೆ.

"ಮುಚ್ಚಬೇಕಾದ್ದೇ ಆ ಕೈ ಕಣಮ್ಮ. ಹಚ್ಚೆ ನೋಡಿದ್ರೆ ಯಾವ ಕೇರಿಯವಳು ಅಂತ ಜನಕ್ಕೆ ಗೊತ್ತಾಗಲ್ವೇ? ನಾದ ಕೇಳಿದ್ರೆ ಸಾಕು, ಉಳಿದದ್ದು ಯಾಕೆ?"

ನಾನು ಅದನ್ನು ಸಣ್ಣೀರಮ್ಮನವರಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲವೇನೋ. ಸಂಗೀತ ಕಚೇರಿಯ ಸಂಜೆ, ವೇದಿಕೆಯ ಪರದೆಯ ಹಿಂದೆ, ಅವರು ಕೈ ಚಾಚಿ ನನ್ನ ಕತ್ತರಿ ಕೇಳಿದರು.

"ನಿನ್ನ ಹೊಲಿಗೆ ಚೆನ್ನಾಗೈತೆ. ಬೇಜಾರು ಮಾಡ್ಕೋಬೇಡ ಮಗಾ."

ಅವರು ಕತ್ತರಿಸಿದ ಬಲದ ತೋಳು ಮೊಣಕೈಯವರೆಗೆ ಬಿಚ್ಚಿಕೊಂಡಿತು. ಕಾರ್ಯದರ್ಶಿಗಳು ಓಡಿಬಂದರು. "ಶಾಲು ಹೊದ್ಕೊಳ್ಳಮ್ಮ! ಇಲ್ಲಾಂದ್ರೆ ಪರದೆ ಏಳಲ್ಲ."

"ಏಳದಿದ್ರೆ ಇರ್ಲಿ ಬಿಡಿ ಸ್ವಾಮಿ. ಅದೇನು ಬಟ್ಟೆ ತಾನೆ, ನಾದ ದಾಟ್ತೈತೆ."

ಮುಂದೆ ಯಾವ ಸಭೆಯೂ ಅವರನ್ನು ಕರೆಯಲಿಲ್ಲ. ಎಷ್ಟೋ ವೀಣೆಗಳನ್ನು ಕೇಳಿದ್ದೇನೆ; ಪ್ರತಿ ಸಲವೂ ತಂತಿ ಏರತೊಡಗಿದಾಗ ಉಸಿರು ಬಿಗಿಹಿಡಿದು ಕಾಯುತ್ತೇನೆ. ಮೂರನೆಯ ಸ್ವರಕ್ಕೆ ಮುಂಚೆಯೇ ಅದು ಬೇರೆ ಯಾರದ್ದೋ ಆಗಿಬಿಡುತ್ತದೆ.

ಆ ಸಂಜೆ ಮಾತ್ರ, ಏಳದ ಪರದೆಯ ಹಿಂದೆ, ಅವರ ಎಳೆತ ಪೂರ್ತಿ ಏರಿತು. ಪರದೆಯಾಚೆ ಕುರ್ಚಿಗಳ ಸದ್ದು ನಿಂತಿತು, ಕೆಮ್ಮು ನಿಂತಿತು.

"ನಿಲ್ಲಿಸು. ಎದ್ದೇಳು," ಎಂದರು ಕಾರ್ಯದರ್ಶಿಗಳು, ಈಗ ಪಿಸುದನಿಯಲ್ಲಿ.

ಸಣ್ಣೀರಮ್ಮ ಕಣ್ಣು ಮುಚ್ಚಿ, ಏಳದೆ, ಮುಂದಿನ ಮೆಟ್ಟಿಲಿಗೆ ಬೆರಳು ಸರಿಸಿದರು.