ಇಟ್ಟದ್ದಕ್ಕಿಂತ ಹೆಚ್ಚು ತೆಗೆಯುವ ಲೆಕ್ಕ

ಮಗಳು ಕಂಪ್ಯೂಟರ್ ಪದವಿಯ ಎರಡನೆಯ ವರ್ಷದಲ್ಲಿದ್ದಳು. ಪ್ರೋಗ್ರಾಮೊಂದು ಎಷ್ಟು ಹೆಜ್ಜೆಗಳಲ್ಲಿ ಕೆಲಸ ಮುಗಿಸುತ್ತದೆ ಎಂಬ ಲೆಕ್ಕವನ್ನು ಅವಳ ತರಗತಿಗೆ ವಿಭಾಗದ ಮುಖ್ಯಸ್ಥರೇ ಕಲಿಸುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಒಂದೇ ನೋಟ್ಸ್. ಹಾಳೆಯ ಅಂಚು ಉದುರಿದ ಕಡೆ ಅಕ್ಷರಗಳನ್ನೂ ಬಿಟ್ಟೇ ಓದುತ್ತಿದ್ದರಂತೆ. ಅವರ ಸೂತ್ರ ಒಂದೇ: ಲೂಪಿನೊಳಗೆ ಲೂಪ್, ಅಂದರೆ ಸುತ್ತಿನೊಳಗೆ ಇನ್ನೊಂದು ಸುತ್ತು, ಕಂಡರೆ ಗುಣಿಸು. ಯೋಚಿಸುವ ತೊಂದರೆ ಯಾರಿಗೂ ಇರಲಿಲ್ಲ.

ಕಿರುಪರೀಕ್ಷೆಯಲ್ಲಿ ಮಗಳು ಗುಣಿಸಲಿಲ್ಲ. ಎಂಟು ಅಂಕದ ಪ್ರಶ್ನೆಗೆ ಸೊನ್ನೆ ಬಿತ್ತು. ಒಟ್ಟು ಐವತ್ತಕ್ಕೆ ಹದಿನೇಳು. ಉಳಿದದ್ದರಲ್ಲಿ ಅವಳ ತಪ್ಪೂ ಇತ್ತು, ಮುಚ್ಚಿಡುವುದಿಲ್ಲ. ಇಪ್ಪತ್ತು ಬಾರದಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಸೊನ್ನೆ ಯಾಕೆಂದು ಕೇಳಲು ಹೋದವಳಿಗೆ ಮುಖ್ಯಸ್ಥರು, ತಾಯಿಯನ್ನು ಕರೆದುಕೊಂಡು ಬಾ, ಸೂತ್ರ ಬಿಟ್ಟು ಬರೆದದ್ದಕ್ಕೆ ಕ್ಷಮಾಪಣೆ ಪತ್ರ ತಾ ಎಂದರು. ತಂದರೆ ಮೂರು ಅಂಕ ಒಳ್ಳೆಯ ನಡತೆಗೆ.

ಕಾಲೇಜಿಗೆ ಹೋಗಬೇಕಾದ ದಿನ ಬೆಳಿಗ್ಗೆ ನಾನು ಪಾತ್ರೆ ತೊಳೆಯುವಾಗ ಅವಳು ಪಕ್ಕದಲ್ಲಿ ನಿಂತು ಪ್ರಶ್ನೆಯನ್ನು ಬಿಡಿಸಿ ಹೇಳಿದಳು. ಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸಬೇಕು. ಹೊಸದನ್ನು ಇಡುವ ಮೊದಲು, ಮೇಲಿರುವ ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನು ತೆಗೆದುಹಾಕಬೇಕು. ತೆಗೆದದ್ದು ವಾಪಸ್ ಬರುವುದಿಲ್ಲ. ಇಡುವುದು ಒಂದು ಲೂಪ್, ತೆಗೆಯುವುದು ಅದರೊಳಗಿನ ಲೂಪ್; ಒಟ್ಟು ಎಷ್ಟು ಹೆಜ್ಜೆ ಎಂಬುದು ಪ್ರಶ್ನೆ.

"ಹಾಗಿದ್ರೆ ಇಟ್ಟಿದ್ದಕ್ಕಿಂತ ಜಾಸ್ತಿ ತೆಗೆಯೋಕೆ ಎಲ್ಲಿರುತ್ತೆ?" ಎಂದೆ.

"ಅದನ್ನೇ ಬರೆದಿದ್ದು ಅಮ್ಮ. ಅದಕ್ಕೇ ಸೊನ್ನೆ."

ಕಾಲೇಜಿನಲ್ಲಿ ಮುಖ್ಯಸ್ಥರು ನನಗೆ ಕುರ್ಚಿ ತೋರಿಸಿದರು, ಅವಳಿಗೆ ಗೋಡೆ.

"ನೋಡೀಮ್ಮಾ, ಇದು ನಿಮಗೆ ಅರ್ಥ ಆಗಲ್ಲ. ಪತ್ರ ಕೊಡ್ಲಿ, ಮುಗಿಸೋಣ."

"ಕೊಡ್ತಾಳೆ ಸರ್. ತಪ್ಪೇನು ಅಂತ ಬರೀಬೇಕಲ್ಲ, ಒಂದ್ಸಲ ತೋರಿಸ್ಬಿಡಿ. ಸಾವಿರ ಸಂಖ್ಯೆ ಪೇರಿಸಿದ್ರೆ ಎಷ್ಟು ಸಲ ತೆಗೀಬೇಕಾಗುತ್ತೆ?"

"ಸಾವಿರ ಗುಣಿಸು ಸಾವಿರ. ಹತ್ತು ಲಕ್ಷ."

"ಇರೋದೇ ಸಾವಿರ. ಮಿಕ್ಕಿದ್ದನ್ನ ಪಕ್ಕದ ಮನೆಯಿಂದ ತರೋದಾ?"

ಮೂಲೆಯಲ್ಲಿ ಅಂಕಪಟ್ಟಿ ಬರೆಯುತ್ತಿದ್ದ ಕ್ಲರ್ಕ್ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

"ಅಡುಗೆಮನೆ ಲೆಕ್ಕ ಬೇರೆ, ಶಾಸ್ತ್ರ ಬೇರೆ" ಎನ್ನುತ್ತಾ ಮುಖ್ಯಸ್ಥರು ಎದ್ದು ಬೋರ್ಡಿನ ಮೇಲೆ ಐದು ಸಂಖ್ಯೆ ಬರೆದರು. ಇಟ್ಟದ್ದಕ್ಕೊಂದು, ತೆಗೆದದ್ದಕ್ಕೊಂದು ಗೀಟು ಹಾಕುತ್ತಾ ಹೋದರು. ಅವರ ಸೂತ್ರದ ಪ್ರಕಾರ ಇಪ್ಪತ್ತೈದು ಬರಬೇಕಿತ್ತು. ಒಂಬತ್ತು ಬಂತು. ಒರೆಸಿ ಮತ್ತೆ ಹಾಕಿದರು. ಒಂಬತ್ತೇ.

"ಐದು ತುಂಬಾ ಚಿಕ್ಕದು. ದೊಡ್ಡದಕ್ಕೆ ಸರಿಯಾಗಿ ಬರುತ್ತೆ."

"ಇಪ್ಪತ್ತಕ್ಕೆ ಮಾಡಿ ಸರ್. ನಂಗೇನೂ ಆತುರ ಇಲ್ಲ." ಮಗಳಿಗೆ ಕೂಡಿಸುವುದನ್ನು ಕಲಿಸಿದಾಗಿನ ದನಿ ತಾನಾಗಿ ಬಂದುಬಿಟ್ಟಿತ್ತು.

ಹನ್ನೊಂದನೆಯ ಸಂಖ್ಯೆಗೆ ಅವರ ಕೈ ನಿಂತಿತು. "ಹಾಗೂ ಹೇಳಬಹುದು, ಹೀಗೂ ಹೇಳಬಹುದು" ಎಂದು ಗೊಣಗಿ, ಉತ್ತರಪತ್ರಿಕೆಯ ಸೊನ್ನೆಯನ್ನು ಹೊಡೆದುಹಾಕಿ ನಾಲ್ಕು ಬರೆದರು. ತಪ್ಪೊಪ್ಪಿಕೊಳ್ಳುವುದಕ್ಕೂ ಎಂಟರಲ್ಲಿ ಅರ್ಧವೇ. ಇಪ್ಪತ್ತೊಂದಾಯಿತು. ಪತ್ರದ ಮಾತು ಎತ್ತಲಿಲ್ಲ.

ಹೊರಗಿನ ಬೆಂಚಿನ ಮೇಲೆ ಮಗಳು ಕೂತುಬಿಟ್ಟಳು.

"ಪರೀಕ್ಷೆಗೆ ಕೂರ್ತೀಯಲ್ಲ ಪುಟ್ಟಿ, ಸಾಕು ಬಾ."

"ಕ್ಲಾಸಲ್ಲಿ ಉಳಿದೋರೆಲ್ಲ ಗುಣಿಸಿ ಎಂಟಕ್ಕೆ ಎಂಟು ತಗೊಂಡಿದ್ದಾರಮ್ಮ."

"ತಗೊಳ್ಲಿ ಬಿಡು."

"ವಾರ್ಷಿಕ ಪರೀಕ್ಷೇಲೂ ಅದನ್ನೇ ಬರೀತಾರೆ. ಅಲ್ಲಿ ತಿದ್ದೋರು ಹೊರಗಿನೋರು, ಸೊನ್ನೆ ಹಾಕ್ತಾರೆ."

ನನಗದು ಹೊಳೆದೇ ಇರಲಿಲ್ಲ. ನಾನು ನನ್ನ ಮಗಳೊಬ್ಬಳಿಗಾಗಿ ಬಂದಿದ್ದೆ.

"ಹಾಗಾದ್ರೆ ಹೋಗಿ ಹೇಳು. ನಾನು ಇಲ್ಲೇ ಕೂತಿರ್ತೀನಿ."

ಅವಳು ಬಾಗಿಲು ತಟ್ಟಿದಳು.

"ನಾಲ್ಕು ಹಾಕಿದ್ದೀನಲ್ಲ, ಇನ್ನೇನು ಬೇಕು ನಿಂಗೆ?" ಎಂದಿತು ಒಳಗಿನ ದನಿ.

"ನಂಗಲ್ಲ ಸರ್" ಎಂದು ಮಗಳು ಒಳಗೆ ಹೋದಳು.